ಸರ್ಕಾರವನ್ನು ಪುಕ್ಕಟೆ ಓದುವ ನಮ್ಮ ದೊಡ್ಡಪ್ಪ

ಕರ್ನಾಟಕ ಸರ್ಕಾರ ಅಂತರ್ಜಾಲದಲ್ಲಿ ಏನನ್ನೇ ಹಾಕಲಿ, ಅದನ್ನು ಮೊದಲಿನಿಂದ ಕೊನೆಯವರೆಗೆ ಓದುವವರು ಇಡೀ ರಾಜ್ಯದಲ್ಲಿ ಒಬ್ಬರೇ ಇದ್ದಾರೆ. ಅವರು ನಮ್ಮ ದೊಡ್ಡಪ್ಪ. ಬರೆದ ಅಧಿಕಾರಿಗಳಾದರೂ ಓದಿರುವುದಿಲ್ಲವೇ ಎಂದು ನೀವು ಕೇಳಬಹುದು. ಕೆಲವು ಸುತ್ತೋಲೆಗಳನ್ನು ದೊಡ್ಡಪ್ಪನ ಬಾಯಿಂದ ಕೇಳಿದ ಮೇಲೆ ನನಗೆ ಆ ನಂಬಿಕೆ ಹೋಗಿದೆ. ಬೇರೆ ಮನೆಗಳಲ್ಲಿ ಹಿರಿಯರು ಬೆಳಿಗ್ಗೆ ಎದ್ದು ದಿನಪತ್ರಿಕೆ ಬಿಡಿಸುತ್ತಾರೆ, ಇಲ್ಲವೇ ಮೊಬೈಲಿನಲ್ಲಿ ಹೂವಿನ ಚಿತ್ರದ ಶುಭೋದಯ ಕಳಿಸುತ್ತಾರೆ. ನಮ್ಮ ದೊಡ್ಡಪ್ಪ ಅಧಿಸೂಚನೆ, ತಿದ್ದುಪಡಿ, ತಿದ್ದುಪಡಿಯ ತಿದ್ದುಪಡಿ ಇವನ್ನು ಓದಿ, ಚೆನ್ನಾಗಿದ್ದದ್ದನ್ನು ನಮಗೆಲ್ಲ ಕಳಿಸುತ್ತಾರೆ. ಚೆನ್ನಾಗಿಲ್ಲದ್ದು ಇದುವರೆಗೆ ಅವರಿಗೆ ಸಿಕ್ಕಿಲ್ಲ.

ನಾನು ಬೆಳಗಾವಿಯ ಹಿಂದವಾಡಿಯಲ್ಲಿ ಒಬ್ಬ ಆಡಿಟರರ ಕಚೇರಿಯಲ್ಲಿ ಕೆಲಸಕ್ಕಿದ್ದೇನೆ. ದಿನಾ ಡೈರಿ ಬರೆಯುವುದು, ಬರೆದದ್ದಕ್ಕೆ ತಾರೀಖು ಹಾಕುವುದು, ತಿಂಗಳ ಕೊನೆಗೆ ಅಡ್ಡಗೆರೆ ಎಳೆದು ಒಟ್ಟು ಕೂಡುವುದು ನನ್ನ ಚಟ. ಡೈರಿಯ ಹಿಂದಿನ ಪುಟಗಳಲ್ಲಿ ದೊಡ್ಡಪ್ಪನಿಗೂ ಒಂದು ಲೆಕ್ಕ ತೆರೆದಿದ್ದೆ: ‘ಪುಕ್ಕಟ ಐತಿ’ ಎಂಬ ಮಾತನ್ನು ಅವರು ನನ್ನೆದುರು ಎಷ್ಟು ಸಲ ಹೇಳಿದರು ಎಂದು. ಗೆರೆಗಳು ಪುಟದ ಅಂಚು ದಾಟಿ ಮುಂದಿನ ವರ್ಷದ ಡೈರಿಗೆ ನುಗ್ಗುವಂತಾದಾಗ ಆ ಲೆಕ್ಕವನ್ನು ಮುಚ್ಚಿಬಿಟ್ಟೆ.

ಇದೆಲ್ಲ ಶುರುವಾದದ್ದು ಒಂದು ಗೋಡೆಯಿಂದ. ದೊಡ್ಡಪ್ಪನಿಗೆ ಆಟೋ ನಗರದಲ್ಲಿ ಲಾರಿಗಳ ಬ್ರೇಕ್ ರಿಪೇರಿ ಮಾಡುವ ಗ್ಯಾರೇಜು ಇತ್ತು. ಈಗಲೂ ಇದೆ, ಆದರೆ ಮಗ ನೋಡಿಕೊಳ್ಳುತ್ತಾನೆ. ಬಾಜೂ ಶೆಡ್ಡಿನವರು ನಡುವಿನ ಗೋಡೆಯನ್ನು ಎತ್ತರಿಸಿದರೆಂದು ದೊಡ್ಡಪ್ಪನಿಗೆ ಸಿಟ್ಟು ಬಂದಿತ್ತು. ಗೋಡೆ ಎಷ್ಟು ಎತ್ತರ ಇರಬೇಕು ಎಂದು ಕೇಳಲು ವಕೀಲರ ಹತ್ತಿರ ಹೊರಟಿದ್ದವರು, ದಾರಿಯಲ್ಲಿ ಚಹಾ ಕುಡಿಯಲು ನಮ್ಮ ಮನೆಗೆ ಬಂದರು. ನಾನು ಫೋನು ತೆಗೆದು ತೋರಿಸಿದೆ.

“ವಕೀಲರ ಕಡೆ ಯಾಕ ಹೋಗ್ತೀರಿ ದೊಡ್ಡಪ್ಪ, ಮೊದಲ ಇಲ್ಲೇ ನೋಡ್ರಿ. ರಾಜ್ಯದ ಎಲ್ಲಾ ಕಾಯ್ದೆ ಸರ್ಕಾರದವರ ಹಾಕ್ಯಾರ.”

“ಎಲ್ಲಾ?”

“ಎಲ್ಲಾ.”

“ಕನ್ನಡದಾಗ?”

“ಕನ್ನಡದಾಗೂ ಅದಾವು.”

“ರೊಕ್ಕ?”

“ಏನೂ ಇಲ್ಲ. ಪುಕ್ಕಟ.”

ದೊಡ್ಡಪ್ಪ ಚಷ್ಮಾ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. “ಅಲ್ಲವಾ, ಇಷ್ಟ ವರ್ಷ ಇದನ್ನ ನಮಗ ಯಾರೂ ಯಾಕ ಹೇಳಲಿಲ್ಲ?” ಎಂದರು, ಊರವರೆಲ್ಲ ಸೇರಿ ತಮ್ಮಿಂದ ಮುಚ್ಚಿಟ್ಟಿದ್ದರು ಎನ್ನುವ ಹಾಗೆ. ಚಹಾ ಆರಿತು. ವಕೀಲರ ಕಡೆ ಹೋಗುವುದು ಉಳಿಯಿತು. ಗೋಡೆಯ ಜಗಳ ಎಲ್ಲಿ ಹೋಯಿತೋ! ಆ ಸಂಜೆಯೊಳಗೆ ದೊಡ್ಡಪ್ಪ ಮೀನುಗಾರಿಕೆಯ ಕಾಯ್ದೆಯನ್ನು ಓದಿ ಮುಗಿಸಿದ್ದರು. ನಮ್ಮ ಮನೆತನದಲ್ಲಿ ಇಂದಿನವರೆಗೆ ಯಾರೂ ಮೀನು ಹಿಡಿದವರಲ್ಲ. ಬಸವಣ್ಣನ ಆಣೆಗೂ ತಿಂದವರಲ್ಲ.

ಓದಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಸ್ವಭಾವ ಅವರದಲ್ಲ. ಯಾವ ಸರ್ಕಾರಿ ಸೇವೆಯನ್ನು ಎಷ್ಟು ದಿನದೊಳಗೆ ಕೊಡಬೇಕು ಎಂಬ ಗಡುವಿನ ಪಟ್ಟಿ ಒಂದು ಸಿಕ್ಕಿತು. ಅದನ್ನು ಕಂಡ ದಿನ ಅವರಿಗಾದ ಸಂತೋಷ ಅವರ ಮಗ, ನಮ್ಮ ಅಣ್ಣ, ಹುಟ್ಟಿದ ದಿನವೂ ಆಗಿರಲಿಲ್ಲ ಎಂದು ದೊಡ್ಡವ್ವ ಹೇಳುತ್ತಾಳೆ. ಪಟ್ಟಿ ಕೈಯಲ್ಲಿ ಹಿಡಿದೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರಂತೆ.

“ನಿನ್ನ ಚಹಾಕ್ಕ ಎಷ್ಟ ಹೊತ್ತಿನ ಗಡುವು? ಕೇಳಿ ಅರ್ಧಾ ತಾಸಾತು.”

ದೊಡ್ಡವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಅರ್ಜಿ ಕೊಟ್ಟೀರೇನು?”

“ಬಾಯಿಲೆ ಹೇಳೀನಲ್ಲ.”

“ಬಾಯಿಲೆ ಹೇಳಿದ್ದು ನಡಿಯೂದಿಲ್ಲ. ಅರ್ಜಿ ಬರೀರಿ, ರಸೀದಿ ಕೊಡ್ತೀನಿ. ರಸೀದಿ ತೊಗೊಂಡು ಹೊರಗ ಕುಂದರ್ರಿ.”

ಅಂದಿನಿಂದ ಆ ಪಟ್ಟಿ ಅಡುಗೆಮನೆಯ ಹೊಸ್ತಿಲು ದಾಟಿಲ್ಲ.

ಹೊರಗೆ ಮಾತ್ರ ಅವರನ್ನು ತಡೆಯುವವರು ಯಾರು? ನಮ್ಮ ಓಣಿಯಲ್ಲಿ ಒಂದು ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಇತ್ತು. ಸೋದರತ್ತೆ ಬಗ್ಗಿ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳಬೇಕು, ಉಳಿದ ಹೆಣ್ಣುಮಕ್ಕಳು ಆಕೆಯ ಬೆನ್ನಿಗೆ ಗುದ್ದಬೇಕು. ಗುದ್ದುವ ಸಡಗರದ ನಡುವೆ ದೊಡ್ಡಪ್ಪ ಮುಂದೆ ಬಂದರು.

“ಕಿವ್ಯಾಗ ಹೇಳಿದ್ದು ದಾಖಲಿ ಆಗೂದಿಲ್ರಿ. ಜನನ ಪ್ರಮಾಣಪತ್ರದಾಗ ಈ ಹೆಸರು ಹಾಕ್ಸೀರೇನು? ಈಗ ಹಾಕ್ಸಿದ್ರ ಪುಕ್ಕಟ ಐತಿ. ಆಮ್ಯಾಲ ಓಡ್ಯಾಡಬೇಕಾಗ್ತೈತಿ.”

ಕೂಸಿನ ಅಜ್ಜಿ ತಿರುಗಿ ನೋಡಿದರು. “ಅಣ್ಣಾರ, ಕೂಸಿಗೇ ಇನ್ನಾ ಪೂರಾ ಕೇಳ್ಸಿಲ್ಲ. ಒಂಚೂರು ತಡೀರಿ.”

ಎಲ್ಲರೂ ನಕ್ಕರು. ದೊಡ್ಡಪ್ಪನೂ ನಕ್ಕರು. ನಕ್ಕು, ಊಟದ ಪಂಕ್ತಿಯಲ್ಲಿ ಕೂಸಿನ ತಂದೆಯ ಬಾಜೂ ಕುಳಿತು, ಹೋಳಿಗೆ ಮುಗಿಯುವಷ್ಟರಲ್ಲಿ ಅವನ ಫೋನಿನಲ್ಲಿ ಅರ್ಜಿ ತೆರೆಸಿಯೇ ಬಿಟ್ಟಿದ್ದರು.

ಹೀಗೆ ನಡೆದಿರುವಾಗ ಖಾನಾಪುರದ ಅತ್ತೆ ಬಂದಳು. ಅತ್ತೆ ಎಂದರೆ ದೊಡ್ಡಪ್ಪನ ಬೆನ್ನಿಗೆ ಬಿದ್ದ ತಂಗಿ, ನನ್ನ ಅಪ್ಪನಿಗೆ ಅಕ್ಕ. ಐವತ್ತು ದಾಟಿದೆ. ಪಿಯುಸಿ ಪಾಸಾದ ಬೇಸಿಗೆಯಲ್ಲೇ ಮದುವೆ ಮಾಡಿ ಖಾನಾಪುರಕ್ಕೆ ಕಳಿಸಿದ್ದರು. ಅವಳ ಗಂಡ, ನಮ್ಮ ಮಾಮಾರಿಗೆ ಅಲ್ಲಿ ಸೈಕಲ್ ಅಂಗಡಿ. ಮಗ ನೌಕರಿಗೆ ಹತ್ತಿದ್ದಾನೆ, ಅತ್ತೆ ಮನೆ ಮತ್ತು ಅಂಗಡಿ ಎರಡನ್ನೂ ತೂಗಿಸುತ್ತಾಳೆ. ಆ ಭಾನುವಾರ ದೊಡ್ಡಪ್ಪನ ಮನೆಯಲ್ಲಿ ನಾವೆಲ್ಲ ಊಟಕ್ಕೆ ಕುಳಿತಿದ್ದಾಗ, ಝುಣಕ ಬಡಿಸುತ್ತಿದ್ದ ಅತ್ತೆ, ಪಲ್ಯಕ್ಕೆ ಉಪ್ಪು ಸಾಲದು ಎನ್ನುವ ದನಿಯಲ್ಲಿ ಹೇಳಿದಳು:

“ಅಣ್ಣಾ, ನಾ ಬಿ.ಎ. ಮಾಡಬೇಕಂತೀನಿ.”

ಎಲ್ಲರ ತುತ್ತೂ ತಾಟಿನಲ್ಲೇ ನಿಂತಿತು. ಮೊದಲು ಮಾತಾಡಿದವಳು ದೊಡ್ಡವ್ವ. “ಮಾಡವಾ. ಯಾರ ಬ್ಯಾಡಂದಾರ?”

“ಕಂಪ್ಯೂಟರ್ ಬ್ಯಾಡಂದೈತಿ ವೈನಿ.”

ಆಮೇಲೆ ಎಲ್ಲ ಹೊರಬಂತು. ಹೋದ ವರ್ಷವೇ ಅತ್ತೆ ಯಾರಿಗೂ ಹೇಳದೆ ಬೆಳಗಾವಿಗೆ ಬಂದು, ಮುಕ್ತ ವಿಶ್ವವಿದ್ಯಾಲಯದ ಅಧ್ಯಯನ ಕೇಂದ್ರಕ್ಕೆ ಹೋಗಿದ್ದಳು. ಆಕೆಯ ಪಿಯುಸಿ ಅಂಕಪಟ್ಟಿಯಲ್ಲಿ ಹೆಸರು ನೀಲಗಂಗಾ. ಆಧಾರ್ ಕಾರ್ಡಿನಲ್ಲಿ ವಿಜಯಾ. ಎರಡೂ ಒಂದೇ ಆಗಿರದಿದ್ದರೆ ಪ್ರವೇಶದ ಅರ್ಜಿ ಮುಂದಕ್ಕೆ ಹೋಗುವುದಿಲ್ಲ.

“ಇಬ್ರೂ ನಾನ ರೀ ಅಂದೆ. ಅಲ್ಲೆ ಒಬ್ಬಾಕಿ ಹುಡುಗಿ ಕುಂತಿದ್ಲು, ಪಾಪ ಚಲೋ ಹುಡುಗಿ. ‘ಆಂಟೀ, ಇಬ್ರಾಗ ಒಬ್ರು ಬರ್ರಿ’ ಅಂದ್ಲು. ಹೆಸರು ಬದಲಾಗಿದ್ದಕ್ಕ ಕಾಗದ ತೊಗೊಂಡು ಬರ್ರಿ ಅಂದ್ಲು. ಎಲ್ಲಿಂದ ತರಲಿ? ಕಡೀ ತಾರೀಖು ಮುಗದಹೋತು.” ಅತ್ತೆ ಝುಣಕದ ಬೋಗುಣಿ ಕೆಳಗಿಟ್ಟಳು. “ಈ ವರ್ಷಾನೂ ದೀಪಾವಳಿ ಹಿಂದ ಮುಂದ ಕಡೀ ತಾರೀಖು ಐತಿ. ಈ ವರ್ಷ ಆಗಲಿಲ್ಲಂದ್ರ ನಾ ಮತ್ತ ಕೇಳೂದಿಲ್ಲ. ಎಷ್ಟ ಸಲ ನಾಚಿಗ್ಗೆಟ್ಟು ಹೋಗಿ ನಿಲ್ಲೂದು?”

ಹೆಸರು ಬದಲಾದ ಕಥೆಯನ್ನು ನನಗೆ ಅಂದು ಮೊದಲ ಸಲ ಪೂರ್ತಿ ಹೇಳಿದರು. ಅತ್ತೆಯ ಅತ್ತೆಯ ಹೆಸರು ಗಂಗವ್ವ. ಸೊಸೆಯ ಹೆಸರಿನಲ್ಲೂ ಗಂಗಾ ಇದ್ದರೆ ಹೇಗೆ? ಸೊಸೆಯನ್ನು ಹೆಸರು ಹಿಡಿದು ಬೈದರೆ ಹಿರಿಯರನ್ನು ಬೈದಂತೆ ಆಗುವುದಿಲ್ಲವೇ? ಬೈಯದೇ ಇರುವ ಇನ್ನೊಂದು ದಾರಿ ಯಾರಿಗೂ ಹೊಳೆಯಲಿಲ್ಲ. ಹೀಗಾಗಿ ಮದುವೆಯ ದಿನ ಒಂದು ತಾಟಿನಲ್ಲಿ ಅಕ್ಕಿ ಹರಡಿದರು. ಮಾಮಾ ಉಂಗುರ ಹಿಡಿದು ಅದರಲ್ಲಿ ‘ವಿಜಯಾ’ ಎಂದು ಗೀಚಿದರು. ನಾಲ್ಕು ಮಂದಿ ಓದಿದರು, ಚಪ್ಪಾಳೆ ತಟ್ಟಿದರು. ಅಷ್ಟೇ, ನೀಲಗಂಗಾ ಮುಗಿದಳು. ರೇಷನ್ ಕಾರ್ಡಿಗೆ ಗಂಗವ್ವಜ್ಜಿ ವಿಜಯಾ ಎಂದೇ ಬರೆಸಿದರು. ರೇಷನ್ ಕಾರ್ಡು ನೋಡಿ ಆಧಾರ್ ಮಾಡಿದರು.

ದೊಡ್ಡಪ್ಪ ಬಹಳ ಗಂಭೀರವಾಗಿ ಕೇಳಿದರು. “ಆ ತಾಟಿಂದು ಫೋಟೋ ಐತೇನು?”

“ಇಲ್ಲಣ್ಣಾ.”

“ಅಕ್ಕಿ?”

“ಅಕ್ಕಿ ಮರದಿನಾನ ಅನ್ನ ಮಾಡಿ ಉಂಡ್ರು!”

ಇದ್ದ ಒಂದೇ ದಾಖಲೆಯನ್ನು ಸಾರು ಕಲಸಿಕೊಂಡು ಉಂಡುಬಿಟ್ಟ ಮನೆತನ ಬೇರೆ ಎಲ್ಲಾದರೂ ಇದ್ದೀತೇ? ಆದರೆ ದೊಡ್ಡಪ್ಪನ ಮುಖ ನೋಡಬೇಕಿತ್ತು. ಇಷ್ಟು ದಿನ ಊರೆಲ್ಲ ತಿರುಗಿ ಯಾರ್ಯಾರಿಗೋ ಬೇಡದ ಕಾಯ್ದೆ ಹಂಚಿದ ಮನುಷ್ಯನಿಗೆ ಸ್ವಂತ ತಂಗಿಯೇ ಬಂದು ಬೇಕು ಎಂದಿದ್ದಳು! ಕೈ ತೊಳೆದವರೇ ಫೋನು ಹಿಡಿದರು.

ಇಲ್ಲಿ ಆ ಫೋನಿನ ಬಗ್ಗೆ ಒಂದು ಮಾತು. ದೊಡ್ಡಪ್ಪ ಟೈಪು ಮಾಡುವುದಿಲ್ಲ, ಫೋನಿನೊಂದಿಗೆ ಮಾತಾಡುತ್ತಾರೆ. ಗ್ಯಾರೇಜಿನ ಗಿರಾಕಿಗಳಲ್ಲಿ ಅರ್ಧ ಜನ ಮರಾಠಿಯವರಾದ್ದರಿಂದ ಬೆಳಿಗ್ಗೆ ಕನ್ನಡದಲ್ಲಿ ಶುರುವಾದ ಮಾತು ಮಧ್ಯಾಹ್ನ ಯಾವಾಗ ಮರಾಠಿಗೆ ಹೊರಳಿತು ಎಂಬುದು ಅವರಿಗೇ ತಿಳಿಯುವುದಿಲ್ಲ. ಅಂದು ಕೇಳಿದ್ದು ಮರಾಠಿಯಲ್ಲಿ. ಫೋನು ಪಾಪ ವಿಧೇಯ. ಕೇಳಿದ ಭಾಷೆ ಹಿಡಿದು ಗಡಿ ದಾಟಿ ಹೋಯಿತು. ಸಿಕ್ಕಿದ ಅರ್ಜಿ ಚೆಂದವಾಗಿತ್ತು. ಏನೇನು ಕಾಗದ ಬೇಕು, ಹೇಗೆ ತುಂಬಬೇಕು ಎಲ್ಲ ಬಿಡಿಸಿ ಬರೆದಿತ್ತು. ದೊಡ್ಡಪ್ಪ ಅದನ್ನು ಅಚ್ಚು ಹಾಕಿಸಿ, ಎರಡು ದಿನ ಕುಳಿತು, ಗ್ಯಾರೇಜಿನ ಬಿಲ್ಲು ಬರೆಯುವ ದುಂಡನೆಯ ಅಕ್ಷರದಲ್ಲಿ ತುಂಬಿದರು. ನಾನು ನೋಡುತ್ತೇನೆ ಎಂದರೆ ಕೊಡಲಿಲ್ಲ. “ನೀ ಲೆಕ್ಕ ನೋಡು. ಇದು ಕಾಯ್ದೆ,” ಎಂದರು.

ಶನಿವಾರ ನಾನೂ ಅವರೂ ಖಾನಾಪುರದ ಬಸ್ಸು ಹತ್ತಿದೆವು. ಅಲ್ಲಿ ಕೋರ್ಟಿನ ಹೊರಗೆ ಅರ್ಜಿ ಟೈಪು ಮಾಡಿಕೊಡುವ ಒಬ್ಬರು ಹಿರಿಯರು ಕೂರುತ್ತಾರೆ. ಅತ್ತೆ, ಮಾಮಾ, ನಾನು ಸುತ್ತ ನಿಂತಿದ್ದೆವು. ದೊಡ್ಡಪ್ಪ ಅರ್ಜಿಯನ್ನು ಅವರ ಮುಂದೆ, ಹೆಣ್ಣಿನ ಕುಂಡಲಿ ಇಟ್ಟಂತೆ ಇಟ್ಟರು. ಆತ ಮೊದಲ ಪುಟ ನೋಡಿದರು, ಎರಡನೆಯದು ನೋಡಿದರು, ಮತ್ತೆ ಮೊದಲನೆಯದು ನೋಡಿದರು.

“ಅಣ್ಣಾರ, ಭಾಳ ಚಲೋ ತುಂಬೀರಿ. ಒಂದ ಕೆಲಸ ಉಳದೈತಿ.”

“ಏನ್ರಿ ಅದು?”

“ಇವ್ರು ಮನಿ ಖಾಲಿ ಮಾಡಿ ಕೊಲ್ಹಾಪುರಕ್ಕ ಹೋಗಿ ಇರಬೇಕು. ಇದು ಮಹಾರಾಷ್ಟ್ರದ ಫಾರ್ಮ್ ಐತಿ.”

ಮಾಮಾ ನಗು ತಡೆಯಲು ಹೋಗಿ ಕೆಮ್ಮಿದರು. ಅತ್ತೆ ನಗಲಿಲ್ಲ. “ಇರ್ಲಿ ಬಿಡಣ್ಣಾ,” ಎಂದಳು, ಅಷ್ಟೇ. ಆ ‘ಬಿಡಣ್ಣಾ’ ನನಗೆ ಹೆದರಿಕೆ ಹುಟ್ಟಿಸಿತು. ಇದಕ್ಕಿಂತ ಅವಳು ಬೈದಿದ್ದರೆ ಚೆನ್ನಾಗಿತ್ತು. ದೊಡ್ಡಪ್ಪ ಬೆಳಗಾವಿ ಬರುವವರೆಗೆ ಕಿಟಕಿಯ ಹೊರಗೆ ನೋಡುತ್ತಾ ಕುಳಿತಿದ್ದರು. ಬಸ್ಸು ಇಳಿಯುವಾಗ ಒಂದೇ ಮಾತು ಆಡಿದರು: “ಆದ್ರೂ ಅವರ ಫಾರ್ಮ್ ಚಲೋ ಐತಿ.”

ಅಂದಿನಿಂದ ಅವರಿಗೆ ಹೊಸ ಮಂತ್ರ ಹತ್ತಿತು. ಕಾಗದ ಯಾವುದೇ ಸಿಗಲಿ, “ಮೊದಲ ರಾಜ್ಯ ನೋಡು. ಆಮ್ಯಾಲ ವರ್ಷ ನೋಡು. ಆಮ್ಯಾಲ ತಿದ್ದುಪಡಿ ಐತೇನು ನೋಡು. ಕಡೀಕ ಓದು.” ಮಂತ್ರ ಕಾಯ್ದೆಗಳಿಗಷ್ಟೇ ಉಳಿದಿದ್ದರೆ ಸರಿ. ಆ ವಾರ ನನಗೊಂದು ಸಂಬಂಧ ಬಂದಿತ್ತು. ಹುಡುಗನ ವಿವರ ಬರೆದ ಹಾಳೆ ಅಪ್ಪನ ಕೈಯಲ್ಲಿತ್ತು. ದೊಡ್ಡಪ್ಪ ಬಗ್ಗಿ ನೋಡಿ, “ರಾಜ್ಯ ನಮ್ದ ಐತಿ. ವರ್ಷ ಬರೋಬ್ಬರಿ ಐತಿ. ತಿದ್ದುಪಡಿ?” ಎಂದರು.

“ಅದನ್ನ ಆಮ್ಯಾಲ ನಾನ ಮಾಡ್ತೀನಿ ದೊಡ್ಡಪ್ಪ,” ಎಂದೆ. ಸಂಬಂಧ ಮುಂದಕ್ಕೆ ಹೋಗಲಿಲ್ಲ. ಅದರ ಕಾರಣ ಬೇರೆ.

ಈ ಸಲ ನಾನೂ ಜೊತೆಗೆ ಕುಳಿತೆ. ಕಚೇರಿಯಿಂದ ಬಂದ ಮೇಲೆ ದಿನಾ ದೊಡ್ಡಪ್ಪನ ಮನೆಗೆ ಹೋಗುತ್ತಿದ್ದೆ. ಅವರು ಹುಡುಕುತ್ತಿದ್ದರು, ನಾನು ರಾಜ್ಯವೂ ವರ್ಷವೂ ನೋಡಿ ಗುರುತು ಹಾಕುತ್ತಿದ್ದೆ. ನಮ್ಮ ರಾಜ್ಯದ ದಾರಿ ಗೊತ್ತಾಯಿತು: ನೋಟರಿಯ ಮುಂದೆ ಪ್ರಮಾಣಪತ್ರ, ಪತ್ರಿಕೆಯಲ್ಲಿ ಪ್ರಕಟಣೆ, ಆಮೇಲೆ ರಾಜ್ಯಪತ್ರದಲ್ಲಿ ಅಚ್ಚು. ರಾಜ್ಯಪತ್ರ ಎಂದರೆ ಸರ್ಕಾರ ತಾನು ಮಾಡಿದ್ದನ್ನೆಲ್ಲ ಅಚ್ಚು ಹಾಕಿ ಎಲ್ಲರಿಗೂ ತಿಳಿಸುವ ಪತ್ರಿಕೆ. ಅದು ವಾರವಾರ ಅಂತರ್ಜಾಲಕ್ಕೆ ಬರುತ್ತದೆ, ಪುಕ್ಕಟೆ. ಅದರಲ್ಲಿ ಹೆಸರು ಬಂದರೆ ಆಧಾರ್ ತಿದ್ದಬಹುದು, ಅಂಕಪಟ್ಟಿಗೂ ಜೋಡಿಸಬಹುದು.

ಅದೇ ಹುಡುಕಾಟದಲ್ಲಿ ದೊಡ್ಡಪ್ಪ ಇನ್ನೊಂದನ್ನೂ ಹುಡುಕುತ್ತಿದ್ದರು ಎಂಬುದು ನನಗೆ ತಡವಾಗಿ ತಿಳಿಯಿತು. ಒಂದು ಸಂಜೆ ಫೋನು ಕೆಳಗಿಟ್ಟು ಹೇಳಿದರು: “ಮದಿವಿ ಆದಮ್ಯಾಲ ಹೆಣ್ಣಮಗಳು ಹೆಸರು ಬದಲಿ ಮಾಡಬೇಕು ಅಂತ ಯಾವ ಕಾಯ್ದೇದಾಗೂ ಇಲ್ಲವಾ. ಮದಿವಿ ಕಾಯ್ದೆ ನೋಡಿದೆ, ನೋಂದಣಿ ಕಾಯ್ದೆ ನೋಡಿದೆ, ನಿಯಮ ನೋಡಿದೆ. ಎಲ್ಲೂ ಇಲ್ಲ.”

“ಇಲ್ಲಂದ್ರ ಇಲ್ಲ ದೊಡ್ಡಪ್ಪ.”

“ಹಂಗಲ್ಲ. ಇರಬೇಕಿತ್ತಲ್ಲ? ಎಲ್ಲಾರೂ ಮಾಡ್ಯಾರ. ನಾ ಅಲ್ಲೇ ನಿಂತಿದ್ದೆ, ನಾನೂ ಚಪ್ಪಾಳಿ ತಟ್ಟೀನಿ.” ಮೀನುಗಾರಿಕೆಗೆ ಅಷ್ಟು ದಪ್ಪ ಕಾಯ್ದೆ ಇರುವ ರಾಜ್ಯದಲ್ಲಿ ತಂಗಿಯ ಹೆಸರು ತೆಗೆಯಲು ಅರ್ಧ ಸಾಲೂ ಇಲ್ಲ ಎಂಬುದು ಅವರಿಗೆ ಒಗ್ಗಲಿಲ್ಲ. ಆ ದಿನ ‘ಪುಕ್ಕಟ’ ಎಂಬ ಮಾತು ಅವರ ಬಾಯಿಂದ ಬರಲಿಲ್ಲ.

ಆದರೂ ನಾವು ತಯಾರು ಮಾಡಿದ ಪ್ರಮಾಣಪತ್ರ ಯಾವುದು? ಅಂಕಪಟ್ಟಿಯ ನೀಲಗಂಗಾಳನ್ನು ವಿಜಯಾ ಮಾಡುವುದು. ಇನ್ನೊಂದು ದಿಕ್ಕು ಇದೆ ಎಂದು ದೊಡ್ಡಪ್ಪನಿಗಾಗಲಿ, ಪಟ್ಟಿ ಮಾಡುವ ನನಗಾಗಲಿ, ಯಾರಿಗೂ ಹೊಳೆಯಲಿಲ್ಲ. ಮೂವತ್ತು ವರ್ಷ ಮೀರಿ ಎಲ್ಲರೂ ವಿಜಯಾ ಎಂದೇ ತಿಳಿದಿದ್ದಾರಲ್ಲ!

ನೋಟರಿಯವರ ಕೋಣೆ ಬೆಳಗಾವಿಯಲ್ಲಿ, ಒಂದು ಝೆರಾಕ್ಸ್ ಅಂಗಡಿಯ ಮಾಳಿಗೆಯ ಮೇಲೆ. ಅತ್ತೆ, ಮಾಮಾ, ದೊಡ್ಡಪ್ಪ, ನಾನು ನಾಲ್ವರು ಕುಳಿತರೆ ಐದನೆಯವರು ಉಸಿರಾಡಲಾಗದು. ನೋಟರಿಯವರು ಚಷ್ಮಾ ಏರಿಸಿ ಓದಿದರು: “ನೀಲಗಂಗಾ ಎಂಬ ಹೆಸರನ್ನು ಶಾಶ್ವತವಾಗಿ ತ್ಯಜಿಸಿ, ಇನ್ನು ಮುಂದೆ ವಿಜಯಾ ಎಂಬ ಹೆಸರಿನಿಂದಲೇ...”

ಪೆನ್ನು ಹಿಡಿದಿದ್ದ ಅತ್ತೆ ಕೇಳಿದಳು. “ತ್ಯಜಿಸಿ ಅಂದ್ರ ಬಿಟ್ಟಬಿಡೂದನ್ರಿ?”

“ಹೌದವಾ.”

“ಸರ, ಇದನ್ನ ಉಲ್ಟಾ ಬರೀಬಹುದೇನ್ರಿ?”

ದೊಡ್ಡಪ್ಪನ ಕೈಯಲ್ಲಿ ಮೊದಲಿನ ದಿಕ್ಕಿನಲ್ಲೇ ಬರೆದ ಅಷ್ಟೂ ಕಾಗದಗಳ ಕಟ್ಟು. ದೀಪಾವಳಿ ಹತ್ತಿರ ಬರುತ್ತಿತ್ತು. ನಾನು ಮನಸ್ಸಿನಲ್ಲೇ ವಾರ ಎಣಿಸತೊಡಗಿದೆ. ಎಲ್ಲರ ಕಣ್ಣು ಮಾಮಾರ ಕಡೆ ಹೋಯಿತು. ಹೆಸರು ಗೀಚಿದವರು ಅವರೇ ಅಲ್ಲವೇ. ಮಾಮಾ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು.

“ಹಂಗಾರ ಇನ್ನ ಮ್ಯಾಲ ನಾ ಏನಂತ ಕರೀಲಿ?”

“ನೀವು ಹೆಸರ ಹಿಡದು ಯಾವಾಗ ಕರದೀರಿ?” ಎಂದಳು ಅತ್ತೆ. “ಮದಿವ್ಯಾದಾಗಿಂದ ‘ಎಲ್ಲಿದೀ’ ಅಂತನ ನನ್ನ ಹೆಸರು.”

ನೋಟರಿಯವರು ಪೆನ್ನಿನ ಮುಚ್ಚಳ ತೆರೆದರು. “ಅದನ್ನೂ ಸೇರಸ್ಲೇನ್ರಿ? ‘ಎಲ್ಲಿದೀ ಎಂದೂ ಕರೆಯಲ್ಪಡುವ’ ಅಂತ?”

ಮಾಮಾ ಮೊದಲು ನಕ್ಕರು. ನಗುತ್ತಲೇ, “ಅವ್ವ ಹೋಗಿ ಎಷ್ಟ ವರ್ಷಾತು. ಈಗ ಈಕೀಗೆ ಬೈದ್ರೂ ಯಾರಿಗೂ ತಟ್ಟೂದಿಲ್ಲ. ಬರೀರಿ ಸರ, ಉಲ್ಟಾನ ಬರೀರಿ,” ಎಂದರು.

ದೊಡ್ಡಪ್ಪ ಕಾಗದದ ಕಟ್ಟನ್ನು ಅಡ್ಡಡ್ಡ ಹರಿದು ಚೀಲಕ್ಕೆ ತುಂಬಿದರು. ಸಿಟ್ಟು ಬಂದಿದೆ ಎಂದುಕೊಂಡೆ. ಅಲ್ಲ. “ಹೊಸಾ ಪ್ರಮಾಣಪತ್ರ, ಹೊಸಾ ಪ್ರಕಟಣಿ, ಹೊಸಾ ಅರ್ಜಿ,” ಎಂದು ಬೆರಳು ಮಡಿಚುತ್ತಾ ಮೆಟ್ಟಿಲು ಇಳಿದ ರೀತಿ ನೋಡಿದರೆ, ಮಕ್ಕಳಿಗೆ ಎರಡನೇ ಸಲ ಐಸ್‌ಕ್ರೀಮ್ ಕೊಡಿಸಿದಂತೆ ಇತ್ತು.

ಆಮೇಲೆ ಕಾಯುವ ಕಾಲ. ಗುರುವಾರ ಬಂತೆಂದರೆ ದೊಡ್ಡಪ್ಪ ರಾಜ್ಯಪತ್ರ ತೆರೆಯುತ್ತಿದ್ದರು. ಅತ್ತೆಯ ಹೆಸರು ಹುಡುಕಿ ಮುಚ್ಚಿದರೆ ಮುಗಿಯಿತಲ್ಲ? ಅವರಿಗೆ ಆಗದು. ಇಡೀ ಸಂಚಿಕೆ ಓದಬೇಕು. ಹೀಗಾಗಿ ರಾಜ್ಯದಲ್ಲಿ ಆ ತಿಂಗಳು ಹೆಸರು ಬದಲಿಸಿಕೊಂಡವರೆಲ್ಲ ಅವರಿಗೆ ಮನೆಯ ಮಂದಿಯಾದರು. “ರಾಯಚೂರು ಕಡೆ ಒಬ್ಬಂವ ಹೆಸರಿನ ಮುಂದ ಇನ್ನೊಂದು ಅಕ್ಷರ ಸೇರಿಸ್ಯಾನ. ದೆಸಿ ಬದಲಾಗಲಿ ಅಂತ ಇರಬೇಕು. ಆಗಲಿ ಪಾಪ,” ಎನ್ನುತ್ತಿದ್ದರು. ಕೊನೆಗೆ ಉಸಿರು ಬಿಟ್ಟು, “ನಮ್ಮಾಕಿ ಬಂದಿಲ್ಲ,” ಎನ್ನುತ್ತಿದ್ದರು. ಒಂದು ಗುರುವಾರ ಹೋಯಿತು. ಇನ್ನೊಂದು ಹೋಯಿತು. ಖಾನಾಪುರದಿಂದ ಫೋನು ಬರುವುದು ನಿಂತಿತು. ಅತ್ತೆ ಕೇಳದೇ ಇರುವುದನ್ನು ನೋಡಿ ದೊಡ್ಡಪ್ಪನಿಗೆ ಊಟ ಸೇರದಾಯಿತು. “ಗಡುವು ಅಂತ ಊರಿಗೆಲ್ಲಾ ಹೇಳಿದ್ರಿ, ಈಗ ನಿಮ್ಮ ಗಂಟಲಾಗ ಸಿಕ್ಕೊಂಡೈತಿ ನೋಡ್ರಿ,” ಎಂದ ದೊಡ್ಡವ್ವ, ಅಂದು ಕೇಳದೆಯೇ ಚಹಾ ಮಾಡಿಕೊಟ್ಟಳಂತೆ.

ಅದರ ಮುಂದಿನ ಗುರುವಾರ ನಾನು ಕಚೇರಿಯಲ್ಲಿ ಒಬ್ಬ ಕಿರಾಣಿ ವ್ಯಾಪಾರಿಯ ಲೆಕ್ಕ ತಾಳೆ ನೋಡುತ್ತಿದ್ದೆ. ಬಾಗಿಲಲ್ಲಿ ದೊಡ್ಡಪ್ಪ ನಿಂತಿದ್ದರು. ತಲೆಯ ಮೇಲೆ ಹೆಲ್ಮೆಟ್ಟು ಹಾಗೇ ಇತ್ತು. ಮೆಟ್ಟಿಲು ಹತ್ತಿ ಬಂದ ಏದುಸಿರಿನಲ್ಲಿ ಫೋನನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

“ಬಂದಾಳವಾ,” ಎಂದರು.

ನಮ್ಮ ಆಡಿಟರರು ಒಳಗಿನಿಂದ ಎದ್ದು ಬಂದರು. “ಏನಾತ್ರಿ? ಸೊಸಿ ಹಡದ್ಲೇನು?”

“ಇಲ್ರಿ. ತಂಗಿ ಹುಟ್ಯಾಳ.”

ಅರವತ್ತರ ಹತ್ತಿರದ ಮನುಷ್ಯನಿಗೆ ಈಗ ತಂಗಿ ಹುಟ್ಟಿದರೆ ಲೆಕ್ಕಪರಿಶೋಧಕರು ಏನು ಮಾಡಬೇಕು? ಕುರ್ಚಿ ಎಳೆದು, ನೀರು ಕೊಟ್ಟು ಕೂರಿಸಿದರು. ನಾನು ಫೋನಿನಲ್ಲಿ ನೋಡಿದೆ. ಸಣ್ಣ ಅಕ್ಷರದ ನಾಲ್ಕು ಸಾಲು. ಮೊದಲು ರಾಜ್ಯ ನೋಡಿದೆ, ವರ್ಷ ನೋಡಿದೆ. ನಮ್ಮದೇ. ಕಡೀಕ ಹೆಸರು ಓದಿದೆ: ನೀಲಗಂಗಾ.

ಮುಂದಿನದೆಲ್ಲ ಓಟ. ಆಧಾರ್ ಕೇಂದ್ರದಲ್ಲಿ ಸರದಿ, ಹೊಸ ಕಾರ್ಡಿನ ಪ್ರತಿ, ಪ್ರವೇಶದ ಅರ್ಜಿ. ಕಡೀ ತಾರೀಖು ಬರುವ ಮೊದಲೇ ಅತ್ತೆಯ ಕೈಗೆ ರಸೀದಿ ಬಂತು. ‘ಇಬ್ರಾಗ ಒಬ್ರು ಬರ್ರಿ’ ಎಂದಿದ್ದ ಅದೇ ಹುಡುಗಿ, “ಬಂದ್ರೇನ್ರಿ ಆಂಟೀ?” ಎಂದು ಕೇಳಿ ಕಾಗದ ಇಸಿದುಕೊಂಡಳಂತೆ.

ಮೊದಲ ತರಗತಿ ಒಂದು ಭಾನುವಾರ, ಬೆಳಗಾವಿಯ ಒಂದು ಹಳೆಯ ಕಾಲೇಜಿನಲ್ಲಿ. ಅತ್ತೆಯನ್ನು ನಾನು ಸ್ಕೂಟಿಯ ಮೇಲೆ ಕರೆದುಕೊಂಡು ಹೋದೆ. ಇಳಕಲ್ ಸೀರೆ, ಹೊಸ ಚೀಲ, ಒಳಗೆ ಎರಡು ಪೆನ್ನು. ಗೇಟಿನಲ್ಲಿ ದೊಡ್ಡಪ್ಪ ಮೊದಲೇ ಬಂದು ನಿಂತಿದ್ದರು. ಕಂಕುಳಲ್ಲಿ ವಿಶ್ವವಿದ್ಯಾಲಯದ ನಿಯಮಾವಳಿಯ ಅಚ್ಚು ಹಾಕಿಸಿದ ಪ್ರತಿ. “ಏನರ ಅಡ್ಡಿ ಬಂದ್ರ ಇರಲಿ ಅಂತ,” ಎಂದರು. ಒಳಗೆ ಬಿಡುವುದಿಲ್ಲವಲ್ಲ ಎಂದರೆ, ವರಾಂಡದಲ್ಲಿ ನಿಲ್ಲಬಾರದು ಎಂದು ಇದರಲ್ಲಿ ಎಲ್ಲೂ ಬರೆದಿಲ್ಲ ಎಂದರು. ಇಬ್ಬರೂ ಕಿಟಕಿಯ ಹತ್ತಿರ ನಿಂತೆವು. ಅತ್ತೆ ಎರಡನೇ ಸಾಲಿನಲ್ಲಿ, ತನ್ನ ಮಗನಿಗಿಂತ ಸಣ್ಣ ಹುಡುಗಿಯರಿಬ್ಬರ ನಡುವೆ ಕುಳಿತಳು.

ಪಾಠ ಹೇಳಲು ಬಂದವರು ಇನ್ನೂ ಎಳೆಯ ಮೇಷ್ಟ್ರು. ಹಾಜರಿ ಕರೆಯತೊಡಗಿದರು. ಒಂದೊಂದು ಹೆಸರಿಗೆ ಒಂದೊಂದು ಕೈ ಮೇಲೆ ಹೋಗುತ್ತಿತ್ತು.

“ನೀಲಗಂಗಾ.”

ಯಾರೂ ಕೈ ಎತ್ತಲಿಲ್ಲ. ಅತ್ತೆ ಪೆನ್ನಿನ ಮುಚ್ಚಳ ತೆಗೆದು, ಆ ಹುಡುಗಿ ಯಾರು ಎನ್ನುವಂತೆ ಆಚೀಚೆ ನೋಡಿದಳು. ಕೊರಳು ಉದ್ದ ಮಾಡಿ ಹಿಂದಿನ ಬೆಂಚಿನವರನ್ನೂ ನೋಡಿದಳು. ಪಿಯುಸಿ ಮುಗಿದ ಮೇಲೆ ಆ ಹೆಸರನ್ನು ಯಾರೂ ಹೀಗೆ, ಎಲ್ಲರ ಮುಂದೆ, ಗಟ್ಟಿಯಾಗಿ ಕರೆದಿರಲಿಲ್ಲ.

“ನೀಲಗಂಗಾ ಬಂದಿಲ್ಲೇನ್ರಿ?” ಎನ್ನುತ್ತಾ ಮೇಷ್ಟ್ರು ಪೆನ್ನನ್ನು ಹಾಳೆಯ ಕಡೆ ಇಳಿಸಿದರು.

“ಅದಾಳ್ರೀ ಸರ!” ಕಿಟಕಿಯ ಸರಳು ಹಿಡಿದು ದೊಡ್ಡಪ್ಪ ಕೂಗಿದರು. “ಇಲ್ಲೇ ಅದಾಳ್ರೀ. ಆಕೀನ ನೋಡ್ರಿ, ಎರಡನೇ ಸಾಲಿನ್ಯಾಗ. ಅದಾಳ್ರೀ.”

ತರಗತಿಗೆ ತರಗತಿಯೇ ಕಿಟಕಿಯ ಕಡೆ ತಿರುಗಿತು. ಅತ್ತೆ ನಿಧಾನಕ್ಕೆ ಎದ್ದು ನಿಂತಳು. ಸೆರಗು ಸರಿ ಮಾಡಿಕೊಂಡಳು. “ಅದೀನ್ರಿ ಸರ,” ಎಂದಳು.

ಮೇಷ್ಟ್ರು ಹಾಜರಿ ಹಾಕಿ, ಕಿಟಕಿಯ ಕಡೆ ನೋಡಿ ಕೇಳಿದರು. “ನೀವು ಯಾರ್ರೀ?”

ಈಗ ನಿಯಮಾವಳಿ ಹೊರಬರುತ್ತದೆ ಎಂದುಕೊಂಡು ನಾನು ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟರೆ, ಕಾಗದಗಳು ದೊಡ್ಡಪ್ಪನ ಕಂಕುಳಲ್ಲೇ ಇದ್ದವು.

“ನಾನು ಆಕಿ ಅಣ್ಣರೀ,” ಎಂದರು.